ಹೊಳೆಯುತ್ತಿರುವುದು ಬ್ಯಾಕ್ಟೀರಿಯಾನಾ, ಬೇರೇನಾ?

ಮೊಳಕೆ:
ಟೊಮ್ಯಾಟೊ ಸಸಿಯ ಬೇರಿಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಇರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಹಾಕಿ ಕಾನ್‌ಫೋಕಲ್ (ಲೇಸರ್) ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೇನೆ. 488 ನ್ಯಾನೋಮೀಟರ್ ಲೇಸರ್ ಹಾಯಿಸಿದರೆ ಬೇರು ಪೂರ್ತಿ ಹಸಿರೋ ಹಸಿರು. ಪವರ್ ಜಾಸ್ತಿ ಮಾಡಿದರೂ ಅದೇ ಕಥೆ. ಗೈಡ್ ‘ಚಿತ್ರ ಚೆನ್ನಾಗಿದೆ’ ಅಂದರು. ನನಗೇಕೋ ನಂಬಿಕೆ ಬರುತ್ತಿಲ್ಲ.

ಹಳೇ ಲೆನ್ಸು:
ನಿಮ್ಮ ಅನುಮಾನ ಸರಿ, ಬಿಡಬೇಡಿ. ಬೇರು ತಾನಾಗಿಯೇ ಹೊಳೆಯುತ್ತದೆ. ಕೋಶಗೋಡೆಯಲ್ಲಿರುವ ಲಿಗ್ನಿನ್, ಸುಬೆರಿನ್ ಎಂಬ ವಸ್ತುಗಳದ್ದೇ ಈ ಕೆಲಸ. ಬಲಿತ ಭಾಗದಲ್ಲಿ ಇದರ ಕಾಟ ಜಾಸ್ತಿ.

ಮೊದಲು ಬ್ಯಾಕ್ಟೀರಿಯಾ ಹಾಕದ ಬೇರನ್ನು ಇಡಿ. ವಯಸ್ಸು ಅದೇ ಇರಲಿ, ಬೇರಿನ ಜಾಗವೂ ಅದೇ ಇರಲಿ. ಚಿತ್ರದಲ್ಲಿ ಅದು ಕಪ್ಪಾಗುವ ತನಕ ಗೇನ್ (ಬೆಳಕು ಹಿಡಿಯುವ ಡಿಟೆಕ್ಟರ್‌ನ ಸೂಕ್ಷ್ಮತೆ), ಲೇಸರ್ ಪವರ್ ಇಳಿಸಿ. ಆಮೇಲೆ ಏನನ್ನೂ ಮುಟ್ಟದೆ ನಿಮ್ಮ ಬೇರನ್ನು ನೋಡಿ. ಈ ಜೋಡಿ ಇಲ್ಲದ ಚಿತ್ರ ಎಷ್ಟೇ ಚೆಂದ ಇರಲಿ, ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ತೊಡಕಿದೆ. ಬ್ಯಾಕ್ಟೀರಿಯಾಗಳು ಬೇರಿನ ಮೇಲೆ ಸಮನಾಗಿ ಹರಡಿ ಕೂರುವುದಿಲ್ಲ. ಹೊರಪದರದ ಎರಡು ಕೋಶಗಳು ಸೇರುವ ಸಂದಿಯೆಂದರೆ ಅವಕ್ಕೆ ಇಷ್ಟ. ಗೋಡೆಯ ಹೊಳಪೂ ಅಲ್ಲೇ ಗೆರೆಯಾಗಿ ಕಾಣುತ್ತದೆ! ಒಂದೇ ಪದರದ ಚಿತ್ರದಲ್ಲಿ ಸುಲಭವಾಗಿ ಏಮಾರುತ್ತೇವೆ. ಝಡ್‌-ಸ್ಟ್ಯಾಕ್, ಅಂದರೆ ಬೇರೆಬೇರೆ ಆಳದ ಚಿತ್ರಗಳ ಸಾಲು, ತೆಗೆಯಿರಿ. ಬ್ಯಾಕ್ಟೀರಿಯಾ ಆದರೆ ಒಂದೆರಡು ಮೈಕ್ರೋಮೀಟರ್ ಉದ್ದದ ಬಿಡಿಬಿಡಿ ಕಡ್ಡಿಗಳು ಸಿಗುತ್ತವೆ. ಗೋಡೆಯಾದರೆ ಗೆರೆ ಕಡಿಯದೆ ಆಳಕ್ಕೆ ಇಳಿಯುತ್ತದೆ.

ಲ್ಯಾಂಬ್ಡಾ ಸ್ಕ್ಯಾನ್ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತದೆಂದು ಅಳೆಯುವುದು) ಇದ್ದರೆ ಮಾಡಿಬಿಡಿ. ಜಿಎಫ್‌ಪಿ 509 ನ್ಯಾನೋಮೀಟರ್ ಆಸುಪಾಸಿನಲ್ಲಿ ಚೂಪಾಗಿ ಏಳುತ್ತದೆ, ಗೋಡೆಯದ್ದು ಅಗಲಕ್ಕೆ ಹರಡಿಕೊಳ್ಳುತ್ತದೆ. ಅಂದಹಾಗೆ, ಜಿಎಫ್‌ಪಿಯ ಜೀನ್ ಇರುವುದು ಪ್ಲಾಸ್ಮಿಡ್‌ನಲ್ಲಾ, ಅಂದರೆ ಕ್ರೋಮೋಸೋಮಿನ ಹೊರಗಿನ ಪುಟ್ಟ ಡಿಎನ್‌ಎ ತುಣುಕಿನಲ್ಲಾ?

ಮೊಳಕೆ:
ಹೌದು, ಪ್ಲಾಸ್ಮಿಡ್‌ನಲ್ಲೇ. ಎಂಚೆರ್ರಿಗೆ (ಕೆಂಪಾಗಿ ಹೊಳೆಯುವ ಪ್ರೋಟೀನ್) ಬದಲಾಯಿಸಿ, ಗೋಡೆಗೆ ಪ್ರೊಪಿಡಿಯಂ ಅಯೋಡೈಡ್ ಎಂಬ ಬಣ್ಣ ಹಾಕಿದರೆ ಹೇಗೆ?

ನೀಲಿಫಿಲ್ಟರ್:
ಎಂಚೆರ್ರಿ ಒಳ್ಳೆಯದು. 561ರ ಲೇಸರ್‌ಗೆ ಬೇರಿನ ಸ್ವಂತ ಹೊಳಪು ಸಾಮಾನ್ಯವಾಗಿ ಕಡಿಮೆ. ಆದರೆ ಜೊತೆಗೆ ಪ್ರೊಪಿಡಿಯಂ ಬೇಡ. ಎರಡೂ 610ರ ಹತ್ತಿರವೇ ಕೆಂಪು ಬೆಳಕು ಬಿಡುತ್ತವೆ, ಬೇರ್ಪಡಿಸಲು ಒದ್ದಾಡುತ್ತೀರಿ. ಗೋಡೆಗೆ ಕ್ಯಾಲ್ಕೊಫ್ಲೋರ್ ವೈಟ್ ಎಂಬ ಬಣ್ಣ ಹಾಕಿ, 405ರ ಲೇಸರ್‌ನಲ್ಲಿ ನೋಡಿ. ಕಬ್ಬಿಣ ಕಡಿಮೆ ಇರುವ ಮಾಧ್ಯಮವಾದರೆ ಸ್ಯೂಡೋಮೊನಾಸ್ ಬಿಡುವ ಪಯೋವರ್ಡಿನ್ ಎಂಬ ವಸ್ತು ಕೂಡ ಆ ಚಾನೆಲ್‌ನಲ್ಲಿ ಹೊಳೆಯಬಹುದು, ಎಚ್ಚರ.

ಹಳೇ ಲೆನ್ಸು:
ಪ್ಲಾಸ್ಮಿಡ್ ಅಂದಿರಲ್ಲ, ಅದಕ್ಕೇ ಕೇಳಿದ್ದು. ಪ್ಲಾಸ್ಮಿಡ್ ಉಳಿಸಿಕೊಂಡವನ್ನು ಮಾತ್ರ ಬದುಕಲು ಬಿಡುವ ಆಂಟಿಬಯೋಟಿಕ್ ಬೇರಿನ ಮೇಲೆ ಇರುವುದಿಲ್ಲ ಅಲ್ವಾ? ಕೆಲವು ಪ್ಲಾಸ್ಮಿಡ್‌ಗಳು ಸುಮ್ನೆ ಕಳೆದುಹೋಗುತ್ತವೆ. ಬ್ಯಾಕ್ಟೀರಿಯಾ ಇರುತ್ತದೆ, ಹೊಳಪು ಇರುವುದಿಲ್ಲ. ಹೇಗೂ ಬದಲಾಯಿಸುತ್ತೀರಿ, ಟಿಎನ್‌7 (ಕ್ರೋಮೋಸೋಮಿಗೆ ತಾನಾಗಿ ಸೇರಿಕೊಳ್ಳುವ ಡಿಎನ್‌ಎ ತುಣುಕು) ಬಳಸಿ ಎಂಚೆರ್ರಿಯನ್ನು ಕ್ರೋಮೋಸೋಮಿಗೇ ಸೇರಿಸಿ. ಒಂದೇ ಪ್ರತಿ ಇರುವುದರಿಂದ ಹೊಳಪು ಸ್ವಲ್ಪ ಮಂಕು, ಹಾಗಾಗಿ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಗಟ್ಟಿಯಾದದ್ದನ್ನೇ ಆರಿಸಿಕೊಳ್ಳಿ.