ಬಿಲ್ಲಿಗೆ ಬಾರದ ಬೇಡಿಕೆ: ವ್ಯಾಪಾರಿ ಬಳಗದ ಪ್ರಶ್ನೋತ್ತರ

ಜೀನ್ಸ್ ಘಟಕದ ಮಾಲೀಕರು, ಬಳ್ಳಾರಿ: ಸರ್, ಮೂರು ವರ್ಷಗಳ ಬಿಲ್ಲುಗಳೆಲ್ಲ ಟ್ಯಾಲಿಯಲ್ಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಇವೆ. 28ರಿಂದ 36ರವರೆಗಿನ ಐದು ಸೈಜುಗಳನ್ನು ಸೆಟ್ ಮಾಡಿ ಮಾರುತ್ತೇವೆ. ಹಂಗಾಮಿನ ಕೊನೆಗೆ 28 ಮತ್ತು 36 ವಾಪಸು ಬರುತ್ತವೆ. ಯಾವ ಸೈಜನ್ನು ಎಷ್ಟು ಕತ್ತರಿಸಬೇಕೆಂದು ಈ ಬಿಲ್ಲುಗಳಿಂದಲೇ ಹೇಳುವ ಸಾಫ್ಟ್‌ವೇರ್ ಇದೆಯಂತೆ, ಕೊಳ್ಳಬಹುದೇ? ಮಾರ್ಚ್ ಮಾರಾಟವಂತೂ 2023ಕ್ಕಿಂತ 2025ರಲ್ಲಿ ಬಹಳ ಹೆಚ್ಚಿತ್ತು.

ಸಲಹೆಗಾರರು: ಸದ್ಯಕ್ಕೆ ಬೇಡ. ಸೆಟ್ ಲೆಕ್ಕದಲ್ಲಿ ಮಾರುವುದರಿಂದ ಬಿಲ್ಲಿನಲ್ಲಿ ಐದೂ ಸೈಜುಗಳು ಸಮನಾಗಿ ಹೋದಂತೆಯೇ ಕಾಣುತ್ತವೆ. ಅದು ನೀವು ಕೊಟ್ಟದ್ದರ ಲೆಕ್ಕವೇ ಹೊರತು ಅಂಗಡಿಯವರು ಕೇಳಿದ್ದರ ಲೆಕ್ಕವಲ್ಲ. “32 ಮಾತ್ರ ಹತ್ತು ಪೀಸ್ ಕಳಿಸಿ” ಎಂದು ಫೋನ್ ಬಂದಾಗ ಬಿಡಿಯಾಗಿ ಕೊಡುವುದಿಲ್ಲವೆಂದು ಇಟ್ಟುಬಿಡುತ್ತೀರಲ್ಲ, ನಿಜವಾದ ಬೇಡಿಕೆ ಇರುವುದು ಆ ಕರೆಯಲ್ಲಿ, ಅದು ಟ್ಯಾಲಿಯೊಳಗೆ ಎಂದೂ ಹೋಗಿಲ್ಲ. ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು ತಾರೀಖು, ಊರು, ಕೇಳಿದ ಸೈಜು, ಕೊಟ್ಟಿರೋ ಇಲ್ಲವೋ, ಇಷ್ಟನ್ನು ಬರೆಯಿರಿ. ವಾಪಸು ಬಂದ ಮಾಲನ್ನು ಬಂದ ತಿಂಗಳಿಗಲ್ಲ, ಮೂಲ ಬಿಲ್ಲಿನ ತಿಂಗಳಿಗೇ ಕಳೆದು ನೋಡಿ (ತೆರಿಗೆಯ ಲೆಕ್ಕವನ್ನು ಮುಟ್ಟಬೇಡಿ, ಇದು ನಿಮ್ಮ ತಿಳಿವಳಿಕೆಗೆ ಮಾತ್ರ).

ನನಗೆ ಹೆಚ್ಚು ಆತಂಕ ತಂದದ್ದು ಮಾರ್ಚ್ ತಿಂಗಳ ಮಾತು. ರಂಜಾನ್ ಹಬ್ಬ 2023ರಲ್ಲಿ ಏಪ್ರಿಲ್ 22ಕ್ಕೆ ಇತ್ತು, 2025ರಲ್ಲಿ ಮಾರ್ಚ್ 31ಕ್ಕೇ ಬಂತು. ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವ ಹಬ್ಬವನ್ನು ಇಂಗ್ಲಿಷ್ ತಿಂಗಳಿಗೆ ಕಟ್ಟಿಹಾಕಿ ನೋಡಿದರೆ, ಮುಂಚೆ ಬಂದ ಖರೀದಿಯೇ ಹೆಚ್ಚಿದ ಖರೀದಿಯಂತೆ ಕಾಣುತ್ತದೆ. ಅದನ್ನು ನಂಬಿ ಸಾಲ ಮಾಡಿ ಬಟ್ಟೆ ತುಂಬಿಸಬೇಡಿ. ಹಬ್ಬಕ್ಕೆ ಮುಂಚಿನ ಎಂಟು ವಾರಗಳನ್ನು ಅಂಥದೇ ಎಂಟು ವಾರಗಳಿಗೆ ಹೋಲಿಸಿ.

ಬೀಜ-ಗೊಬ್ಬರದ ಅಂಗಡಿ, ಸಿಂಧನೂರು: ಇಂಥ ಲೆಕ್ಕಕ್ಕೆ ಎಕ್ಸೆಲ್ ಸಾಕಾಗುತ್ತದೆಯೇ ಸರ್?

ಸಲಹೆಗಾರರು: ಸಾಕು.

ಅಕ್ಕಿ ಗಿರಣಿ, ಕಾರಟಗಿ: ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ: “ಬಿಳಿ ಅಕ್ಕಿ ರಫ್ತು ಬಂದ್, ಭತ್ತ ಕುಸಿಯಲಿದೆ, ಇಂದೇ ಸ್ಟಾಕ್ ಖಾಲಿ ಮಾಡಿ.” ಜೊತೆಗೆ ದರದ ಫೋಟೊ ಇದೆ.

ಸಲಹೆಗಾರರು: ಆ ನಿಷೇಧ ಬಂದದ್ದು 2023ರ ಜುಲೈ 20ರಂದು, 2024ರ ಸೆಪ್ಟೆಂಬರ್ 28ರಂದು ತೆರವಾಯಿತು. ಫೋಟೊದಲ್ಲಿರುವುದು ಕನಿಷ್ಠ ದರ ಮಾತ್ರ, ಒಂದು ಹಸಿ ರಾಶಿ ಬಂದರೂ ಅದು ಇಳಿಯುತ್ತದೆ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೆಂಬ ಮಾದರಿ ದರವನ್ನೂ ಆವಕವನ್ನೂ (ಮಾರುಕಟ್ಟೆಗೆ ಬಂದ ಮಾಲಿನ ಪ್ರಮಾಣ) ಜೊತೆಗಿಟ್ಟು ನೋಡಿ. ತಾರೀಖಿಲ್ಲದ ಸಂದೇಶಗಳನ್ನು ಇಲ್ಲಿ ಹಾಕಬೇಡಿರೆಂದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ದಲಾಲಿ ಅಂಗಡಿ, ರಾಯಚೂರು: ರಾಶಿಯೊಳಗೆ ಕೈಹಾಕಿದರೆ ತೇವ ತಿಳಿಯುತ್ತದೆ. ಅದಕ್ಕೆ ಮಾದರಿ ದರವೇಕೆ?

ಅಕ್ಕಿ ಗಿರಣಿ, ಕಾರಟಗಿ: ಸರ್ಕಾರಿ ಖರೀದಿಗೆ ಶೇಕಡ 17ರ ಮಿತಿಯಿದೆ, ಸಾಹುಕಾರರೇ. ಅದನ್ನು ಮಾಪಕ ಹೇಳಬೇಕು, ನಿಮ್ಮ ಕೈಯಲ್ಲ.

ದಲಾಲಿ ಅಂಗಡಿ, ರಾಯಚೂರು: ಮಾಪಕ ಹಿಡಿದು ಬೇಡವೆಂದ ಲೋಡನ್ನೇ ಮರುದಿನ ಕಡಿಮೆಗೆ ಕೊಂಡವರು ನೀವಲ್ಲವೇ?

ಹೋಟೆಲ್ ಮಾಲೀಕರು, ಗಂಗಾವತಿ: ಆನ್‌ಲೈನ್ ರೇಟಿಂಗ್ ನೋಡಿ ಊಟದ ದರ ಏರಿಸಬಹುದೇ?

ಅಕ್ಕಿ ಗಿರಣಿ, ಕಾರಟಗಿ: ರಾತ್ರಿ ಒಣಗಿದ್ದರಿಂದ ಕೊಂಡೆ. ನಿಮ್ಮ ತೂಕದ ಕಥೆಯನ್ನೂ ಹೇಳಲೇ?

ಸಲಹೆಗಾರರು: ಇಬ್ಬರೂ ಫೋನಿನಲ್ಲಿ ಮಾತನಾಡಿಕೊಳ್ಳಿ.

ಕಿರಾಣಿ ಅಂಗಡಿ, ಮಾನ್ವಿ: ಎಕ್ಸೆಲ್ ಸಾಕೇ ಸರ್?

ಸಲಹೆಗಾರರು: ಮೇಲೆ ಓದಿ.

ಜೀನ್ಸ್ ಘಟಕದ ಮಾಲೀಕರು, ಬಳ್ಳಾರಿ: ಎರಡು ದಿನ ಬರೆದೆವು ಸರ್. 19 ಕರೆಗಳಲ್ಲಿ 12 ಕರೆ 34ಕ್ಕೇ ಬಂದಿವೆ. ನಾಳೆಯಿಂದ 34 ಹೆಚ್ಚಿಸಿ ಕತ್ತರಿಸೋಣವೇ?

ಸಲಹೆಗಾರರು: ತಡೆಯಿರಿ. ಆ ಹನ್ನೆರಡರಲ್ಲಿ ಒಂದೇ ಅಂಗಡಿಯವರು ಎಷ್ಟು ಸಲ ಕರೆ ಮಾಡಿದ್ದಾರೆ?

ಜೀನ್ಸ್ ಘಟಕದ ಮಾಲೀಕರು, ಬಳ್ಳಾರಿ: ಹೊಸಪೇಟೆಯವರೊಬ್ಬರೇ ಏಳು ಸಲ.