ನಾಡಿಬಡಿತ 50ರ ಆಸುಪಾಸು: ಡಾಕ್ಟರಿಗೆ ಯಾವಾಗ ತೋರಿಸಬೇಕು?

ಪ್ರಶ್ನೆ:
ವಯಸ್ಸು 56. ಬೆಳಿಗ್ಗೆ ಸುಮ್ಮನೆ ಕೂತಿದ್ದಾಗ ವಾಚ್‌ನಲ್ಲಿ ಬಡಿತ 48ರಿಂದ 52 ತೋರಿಸುತ್ತದೆ. ಬಿಪಿಗೆ ಮಾತ್ರೆ, ಗ್ಲಾಕೋಮಾಗೆ ಕಣ್ಣಿನ ಹನಿ ನಡೆಯುತ್ತಿವೆ. ತಲೆಸುತ್ತು, ಸುಸ್ತು ಏನೂ ಇಲ್ಲ. 60ಕ್ಕಿಂತ ಕೆಳಗಿದ್ದರೆ ತೊಂದರೆ ಅಂತಾರೆ, ಹೌದೇ?

ಉತ್ತರ 1:
ವಾಚ್ ಬಿಚ್ಚಿಟ್ಟು ಕೈಯಲ್ಲೇ ಎಣಿಸಿ ನೋಡಿ. ಐದು ನಿಮಿಷ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದ್ದೇ ಬಡಿತ ಸಿಕ್ಕಿಬಿಡುತ್ತದೆ.

ಲಯವನ್ನೂ ಗಮನಿಸಿ. ಹೃದಯ ಹೊತ್ತಿಗೆ ಮೊದಲೇ ಬಡಿದುಬಿಟ್ಟರೆ ಅದರೊಳಗೆ ರಕ್ತ ತುಂಬಿರುವುದಿಲ್ಲ, ಆ ಬಡಿತ ಮಣಿಕಟ್ಟಿನ ತನಕ ಬರುವುದೇ ಇಲ್ಲ. ಒಂದು ಬಿಟ್ಟು ಒಂದು ಹಾಗಾದರೆ ಹೃದಯ 80 ಬಡಿದರೂ ವಾಚ್ 40 ಅನ್ನಬಹುದು. ಇದನ್ನು ಖಚಿತಪಡಿಸಲು ಇಸಿಜಿಯೇ ಬೇಕು.

ಉತ್ತರ 2:
60 ಅನ್ನುವುದು ಪುಸ್ತಕದ ಗೆರೆ. ದಿನಾ ಓಡುವವರಿಗೆ ಹಗಲಲ್ಲೂ 40–50 ಇರುತ್ತದೆ, ನಿದ್ದೆಯಲ್ಲಿ ಬೇರೆಯವರಿಗೂ ಅಷ್ಟಕ್ಕೆ ಇಳಿಯುವುದುಂಟು.

ನಿಮ್ಮ ವಿಷಯದಲ್ಲಿ ಅನುಮಾನ ಔಷಧಿ ಮೇಲೆ. ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್ ಬಡಿತ ಇಳಿಸುತ್ತವೆ. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಸಾಮಾನ್ಯವಾಗಿ ಇಳಿಸುವುದಿಲ್ಲ. ಹನಿಯ ಬಾಟಲಿ ಮೇಲೆ ಟಿಮೊಲಾಲ್ ಅಂತಿದೆಯಾ ನೋಡಿ. ಅದೂ ಅಟೆನೊಲಾಲ್, ಮೆಟೊಪ್ರೊಲಾಲ್ ತರಹ ಬೀಟಾ ಬ್ಲಾಕರ್ರೇ (ಹೃದಯದ ಬಡಿತ ಇಳಿಸುವ ಔಷಧಿ), ಕಣ್ಣಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಒಳಗಿಳಿಯುವುದು ಕಡಿಮೆಯಾಗುತ್ತದೆ.

ಹಾಗಂತ ಬೀಟಾ ಬ್ಲಾಕರ್ ಮಾತ್ರೆಯನ್ನು ನೀವೇ ತಟ್ಟನೆ ನಿಲ್ಲಿಸಬೇಡಿ. ಬಿಪಿ, ಬಡಿತ ಎರಡೂ ಒಮ್ಮೆಲೇ ಏರಿ ಎದೆನೋವು ಬರಬಹುದು.

ಉತ್ತರ 3:
ಸಂಖ್ಯೆಗಿಂತ ಲಕ್ಷಣ ಮುಖ್ಯ. ಪ್ರಜ್ಞೆ ತಪ್ಪಿದರೆ, ಎದೆನೋವು, ಏದುಸಿರು, ಮಾತು ತಡವರಿಸುವಷ್ಟು ಮಂಕು ಕವಿದರೆ ಆಂಬುಲೆನ್ಸ್ ಕರೆಸಿ, ಗಾಡಿ ಓಡಿಸಿಕೊಂಡು ಹೋಗಬೇಡಿ. ಎಚ್ಚರವಿದ್ದಾಗಲೂ 40ಕ್ಕಿಂತ ಕೆಳಗೇ ನಿಂತಿದ್ದರೆ ಅದೇ ದಿನ ತೋರಿಸಿ. ಮೆಟ್ಟಿಲು ಹತ್ತಿದರೂ ಬಡಿತ ಏರದಿದ್ದರೆ ಅದನ್ನೂ ಹೇಳಿ, ಹೃದಯವನ್ನು ಬಡಿಸುವ ವಿದ್ಯುತ್ ಸಂಕೇತಕ್ಕೆ ಒಳಗೆ ಎಲ್ಲೋ ತಡೆಯಾಗುತ್ತಿರಬಹುದು.

ನಿಮಗೆ ಅಷ್ಟು ಅವಸರವಿಲ್ಲ. ಈ ವಾರ ಇಸಿಜಿ, ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ನೋಡುವ ರಕ್ತಪರೀಕ್ಷೆ), ಪೊಟ್ಯಾಸಿಯಂ ಮಾಡಿಸಿ. ಥೈರಾಯ್ಡ್ ಕುಗ್ಗಿದರೂ ಪೊಟ್ಯಾಸಿಯಂ ಏರಿದರೂ ಬಡಿತ ನಿಧಾನವಾಗುತ್ತದೆ.

ಪ್ರಶ್ನೆ ಕೇಳಿದವರು:
ಹನಿ ಟಿಮೊಲಾಲೇ. ಮಾತ್ರೆ ಮೆಟೊಪ್ರೊಲಾಲ್ 50. ಕಣ್ಣಿನ ಡಾಕ್ಟರಿಗೆ ಮಾತ್ರೆ ವಿಷಯ ಹೇಳಿರಲಿಲ್ಲ.

ಉತ್ತರ 2:
ಹಾಗಾದರೆ ಎರಡೂ ಚೀಟಿ ಇಬ್ಬರಿಗೂ ತೋರಿಸಿ. ಬೀಟಾ ಬ್ಲಾಕರ್ ಅಲ್ಲದ ಗ್ಲಾಕೋಮಾ ಹನಿಗಳೂ ಇವೆ, ಬದಲಾಯಿಸಬಹುದಾ ಅಂತ ಕೇಳಿ.