ನಮ್ಮ ಗಲ್ಲಿಯ ಹಳೇ ಕತೆ ಯಾವ ಕಾಗದದಲ್ಲಿ ಸಿಗುತ್ತದೆ?

ಪ್ರಶ್ನೆ:
ನಮ್ಮದು ಬೆಳಗಾವಿಯ ಹಳೇ ಊರಿನ ಸಣ್ಣ ಗಲ್ಲಿ. ಮೂವತ್ತು ಮನೆ ಇರಬಹುದು. ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಮೂರಂತಸ್ತಿನ ಕಟ್ಟಡಗಳು ಬರುತ್ತಿವೆ. ಅಜ್ಜಿ ಹೇಳಿದ್ದು ಸ್ವಲ್ಪ ನೆನಪಿದೆ, ಬರಹದಲ್ಲಿ ಏನೂ ಇಲ್ಲ. ಗಲ್ಲಿಯ ಇತಿಹಾಸ ಬರೆಯುವ ಆಸೆ ಇದೆ. 1884ರ ಗೆಜೆಟಿಯರ್ ತೆಗೆದು ನೋಡಿದೆ, ನಮ್ಮ ಗಲ್ಲಿಯ ಸುದ್ದಿಯೇ ಇಲ್ಲ. ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ, ಎಲ್ಲಿಂದ ಶುರು ಮಾಡಲಿ?

ಉತ್ತರ (ಬೆಳಗಾವಿಯಿಂದ):
ನಾನು ನಮ್ಮ ಗಲ್ಲಿಗೆ ಮಾಡಿದ್ದೇನೆ. ನಾಲ್ಕು ವರ್ಷ ಹಿಡಿಯಿತು. ಮೊದಲ ಒಂದು ವರ್ಷ ನಿಮ್ಮ ಹಾಗೇ ದೊಡ್ಡ ಪುಸ್ತಕಗಳಲ್ಲೇ ಹುಡುಕಿದೆ. ಆ ಗೆಜೆಟಿಯರ್ ಇಡೀ ಜಿಲ್ಲೆಗೆ ಬರೆದದ್ದು. ಊರಿನ ಪೇಟೆ, ಕೋಟೆ, ದಂಡು ಎಲ್ಲ ಅದರಲ್ಲಿದೆ. ಮೂವತ್ತು ಮನೆಯ ಗಲ್ಲಿ ಬೇಕಾದರೆ ಮನೆಯ ಟ್ರಂಕು ತೆಗೆಯಬೇಕು.

ಮೊದಲು ನಿಮ್ಮ ಮನೆಯ ಸಿಟಿಎಸ್ ನಂಬರ್, ಅಂದರೆ ಸಿಟಿ ಸರ್ವೆಯಲ್ಲಿ ಕೊಟ್ಟ ನಂಬರ್ ತಿಳಿದುಕೊಳ್ಳಿ. ಸಿಟಿ ಸರ್ವೆ ಆಫೀಸಿನಲ್ಲಿ ಆ ನಂಬರ್ ಮೇಲೆ ಪ್ರಾಪರ್ಟಿ ಕಾರ್ಡ್ ಇರುತ್ತದೆ. ಸರ್ವೆ ಆದಾಗ ಮನೆ ಯಾರದಿತ್ತು, ಆಮೇಲೆ ಯಾರು ಮಾರಿದರು, ಯಾರಿಗೆ ವಾರಸಾ ಬಂತು, ಎಲ್ಲ ಸಾಲು ಸಾಲಾಗಿ ತಾರೀಖಿನ ಜೊತೆ ಬರೆದಿರುತ್ತಾರೆ. ಘರಪಟ್ಟಿಯ (ಮನೆ ತೆರಿಗೆಯ) ಮನೆ ನಂಬರ್ ಆಗಾಗ ಬದಲಾಗುತ್ತದೆ. ಸಿಟಿಎಸ್ ನಂಬರ್ ಹಾಗಲ್ಲ, ಮನೆ ಪಾಲಾದರೂ ಅದೇ ನಂಬರಿಗೆ ಎ, ಬಿ ಅಂತ ಬಾಲ ಸೇರುತ್ತದೆ ಅಷ್ಟೇ. ಹಾಗಾಗಿ ಸಿಟಿ ಸರ್ವೆ ನಕ್ಷೆಯ ಒಂದು ನಕಲು ತೆಗೆಸಿ ಗೋಡೆಗೆ ಅಂಟಿಸಿ. ಮುಂದೆ ಸಿಗುವ ಪ್ರತಿ ಕಾಗದವನ್ನೂ ಆ ನಕ್ಷೆಯ ಮೇಲೆ ಗುರುತು ಮಾಡುತ್ತಾ ಹೋಗಿ.

ಆಮೇಲೆ ಖರೀದಿ ಪತ್ರಗಳು. ಇದೇ ನಿಜವಾದ ಖಜಾನೆ. ಎಲ್ಲರೂ ಅದರಲ್ಲಿ ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಅಂತ ಮಾತ್ರ ನೋಡುತ್ತಾರೆ. ನೀವು ಚಕ್ಕುಬಂದಿ ಓದಿ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರು ಅಂತ ನಾಲ್ಕೇ ಸಾಲು. ಒಂದು ಮನೆಯ ಪತ್ರ ಸಿಕ್ಕರೆ ಅಕ್ಕಪಕ್ಕದ ಮನೆಗಳೂ ಸಿಕ್ಕ ಹಾಗೆ.

ನಮ್ಮ ಮನೆಯ ಹಳೇ ಪತ್ರದ್ದೇ ಹೇಳುತ್ತೇನೆ. ಶಕೆ 1815, ವಿಜಯನಾಮ ಸಂವತ್ಸರ. ಶಕೆಗೆ 78 ಕೂಡಿಸಿ, 1893 ಆಯಿತು. ಐದು ಅಂಕಣದ ಮನೆ. ಪೂರ್ವಕ್ಕೆ ಸರಕಾರಿ ಹಾದಿ, ದಕ್ಷಿಣಕ್ಕೆ ಕಾಸಾರರ ಮನೆ, ಪಶ್ಚಿಮಕ್ಕೆ ಮನೆಯದೇ ಹಿತ್ತಲು, ಉತ್ತರಕ್ಕೆ ಹುಣಸೆ ಮರ ಇರುವ ಹಾಳು ಜಾಗ. ಎದುರು ಮನೆಯವರ 1911ರ ಪತ್ರದಲ್ಲಿ ಅದೇ ಹಾಳು ಜಾಗಕ್ಕೆ ‘ಮಗ್ಗದ ಮನೆ’ ಅಂತ ಬರೆದಿದೆ. ಹುಣಸೆ ಮರದ ಸುದ್ದಿ ಇಲ್ಲ. ನಮ್ಮ ಅಮ್ಮ ಚಿಕ್ಕವಳಿದ್ದಾಗ ಗೋಡೆಯ ಆಚೆ ಮಗ್ಗದ ಸಪ್ಪಳ ಕೇಳುತ್ತಾ ನಿದ್ದೆ ಹೋಗುತ್ತಿದ್ದಳಂತೆ. ಯಾವ ಗೋಡೆ ಅಂತ ನನಗೆ ಆವತ್ತು ತಿಳಿಯಿತು. ಆ ಗೋಡೆ ಈಗಲೂ ಇದೆ.

ನೋಂದಣಿ ಆದ ಪತ್ರ ಮನೆಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳ ನಕಲು 1ನೇ ಪುಸ್ತಕದಲ್ಲಿ ಇರುತ್ತದೆ. ಹೆಸರಿನ ಮೇಲೆ ಹುಡುಕಲು ಒಂದು ಇಂಡೆಕ್ಸ್, ಆಸ್ತಿಯ ಮೇಲೆ ಹುಡುಕಲು ಇನ್ನೊಂದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲನ್ನೂ ಕೇಳಬಹುದು. ಒಂದು ಕಚೇರಿಯಲ್ಲಿ ನನಗೆ ‘ಹಳೇದು ಯಾವುದೂ ಇಲ್ಲ’ ಅಂದುಬಿಟ್ಟರು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. 30 ದಿನದ ಒಳಗೇ ಪುಸ್ತಕ ಸಿಕ್ಕಿತು. ಅರ್ಜಿಯಲ್ಲಿ ‘ನಮ್ಮ ಗಲ್ಲಿಯ ಇತಿಹಾಸ ಕೊಡಿ’ ಅಂತ ಬರೆಯಬೇಡಿ. ಯಾವ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪುಸ್ತಕ ಅಂತ ಸರಿಯಾಗಿ ಬರೆಯಿರಿ.

ಆ ಇಂಡೆಕ್ಸಿನ ಒಂದು ಪುಟದ ಮುಂದೆ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು, ಮುಂದಿನ ವರ್ಷಗಳಲ್ಲಿ ನಮ್ಮ ಕಡೆಗೂ ಹಬ್ಬಿತು, ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮದೇ ಗಲ್ಲಿಯಲ್ಲಿ ಎರಡು ವರ್ಷದೊಳಗೆ ನಾಲ್ಕು ಮನೆ ಅಡಮಾನಕ್ಕೆ ಹೋಗಿವೆ. ನಾಲ್ಕೂ ಕಡೆ ಬರೆದುಕೊಟ್ಟವರು ಹೆಂಗಸರು, ಹೆಸರಿನ ಮುಂದೆ ‘ಮಯತ’, ಅಂದರೆ ತೀರಿಕೊಂಡವರು, ಅಂತ ಗಂಡನ ಹೆಸರು. ಪ್ಲೇಗಿನ ಮಾತು ಎಲ್ಲೂ ಇಲ್ಲ. ಅದರಿಂದಲೇ ಆಯಿತು ಅಂತ ನಾನೂ ಬರೆಯಲಿಲ್ಲ. ಆ ನಾಲ್ಕು ಸಾಲನ್ನು ಇದ್ದ ಹಾಗೇ ಬರೆದೆ.

ರಸ್ತೆಯ ಹೆಸರುಗಳೂ ಉಪಯೋಗಕ್ಕೆ ಬರುತ್ತವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಇಲ್ಲಿ ಸೈಕಲ್ ಅಂಗಡಿ ತೆಗೆದದ್ದು 1888ರಲ್ಲಿ. 1910ರಲ್ಲಿ ಅವರು ಊರು ಬಿಟ್ಟು ಕಿರ್ಲೋಸ್ಕರವಾಡಿ ಕಟ್ಟಲು ಹೋದರು. ತಾರೀಖು ಅಳಿಸಿದ ಕಾಗದದಲ್ಲಿ ಕಿರ್ಲೋಸ್ಕರ್ ರೋಡ್ ಅಂತ ಇದ್ದರೆ ಅದು 1888ಕ್ಕಿಂತ ಹಳೇದಾಗಲು ಸಾಧ್ಯವೇ ಇಲ್ಲ. ಕಾಂಗ್ರೆಸ್ ರೋಡ್ ಅಂತ ಇದ್ದರೆ ಗಾಂಧೀಜಿ ಅಧ್ಯಕ್ಷತೆಯ 1924ರ ಅಧಿವೇಶನದ ಈಚಿನದು ಅಂತ ನಾನು ಹಿಡಿಯುತ್ತೇನೆ.

ಒಂದು ಮಾತು ಮುಖ್ಯ. ನೆರೆಯವರ ಹತ್ತಿರ ಕಾಗದ ಕೇಳಲು ಹೋದರೆ ಮೊದಲು ಹೆದರುತ್ತಾರೆ. ‘ಇವನಿಗೆ ನಮ್ಮ ಮನೆ ಉತಾರ (ದಾಖಲೆಯ ನಕಲು) ಯಾಕೆ ಬೇಕು?’ ಅನ್ನುತ್ತಾರೆ. ತಪ್ಪಲ್ಲ ಅಲ್ವಾ, ಅಣ್ಣತಮ್ಮಂದಿರ ಪಾಲಿನ ಜಗಳ ಯಾವ ಮನೆಯಲ್ಲಿ ಇಲ್ಲ? ನಾನು ಮೊದಲು ನಮ್ಮ ಮನೆಯ ಪತ್ರ ತೋರಿಸಿ ಅದರ ಕತೆ ಹೇಳುತ್ತಿದ್ದೆ. ಅವರ ಪತ್ರವನ್ನು ಅವರ ಪಡಸಾಲೆಯಲ್ಲೇ ಕೂತು ಓದುತ್ತಿದ್ದೆ, ಹೊರಗೆ ಒಯ್ಯುತ್ತಿರಲಿಲ್ಲ. ಸಾಲ, ಕೋರ್ಟಿನ ವ್ಯಾಜ್ಯ ಇಂಥದ್ದನ್ನು ಕೇಳದೆ ಬರೆಯಲಿಲ್ಲ. ಎರಡು ಮನೆಯವರು ಬೇಡ ಅಂದರು, ಬಿಟ್ಟೆ.

ಉತ್ತರ (ಶಹಾಪುರದಿಂದ):
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಗಲ್ಲಿ ಬೆಳಗಾವಿಯದೇ ಭಾಗವಾದ ನಮ್ಮ ಶಹಾಪುರದ ಕಡೆಯದಾದರೆ ದಾರಿ ಬೇರೆ. ಶಹಾಪುರ 1948ರ ತನಕ ಸಾಂಗಲಿ ಸಂಸ್ಥಾನದ್ದು. ನಡೆದು ಹೋದರೆ ಐದು ನಿಮಿಷದ ದಾರಿ, ಆದರೆ ಆ ಕಡೆ ಬ್ರಿಟಿಷರ ಆಡಳಿತ, ಈ ಕಡೆ ಸಾಂಗಲಿಯ ದೊರೆ ಪಟವರ್ಧನರದ್ದು. ಆರು ತಿಂಗಳು ನಾನು ಬ್ರಿಟಿಷ್ ದಾಖಲೆಯಲ್ಲಿ ನಮ್ಮ ಓಣಿ ಹುಡುಕಿದೆ. ಅಲ್ಲಿ ಹೇಗೆ ಸಿಗಬೇಕು? ಬೆಳಗಾವಿಯದ್ದಕ್ಕೂ ಇದೇ ನೆನಪಿರಲಿ, 1956ರ ತನಕ ಜಿಲ್ಲೆ ಮುಂಬೈ ಕೆಳಗೇ ಇತ್ತು. ಮೇಲಿನ ಹಂತದ ಹಳೇ ಕಡತಗಳಿಗೆ ಬೆಂಗಳೂರಿಗಿಂತ ಮೊದಲು ಮುಂಬೈ ಪತ್ರಾಗಾರ ನೋಡಿ.

ಇನ್ನು ಮೋಡಿ ಲಿಪಿ. ಹಳೇ ಪತ್ರಗಳು ಜಾಸ್ತಿ ಮರಾಠಿ ಭಾಷೆ, ಮೋಡಿ ಬರಹ. ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದು, ಅದಕ್ಕೆ ಅಕ್ಷರ ತೂಗುಹಾಕುತ್ತಾ ಹೋಗುತ್ತಾರೆ. ಪದದ ನಡುವೆ ಜಾಗ ಇಲ್ಲ. ಹ್ರಸ್ವ, ದೀರ್ಘ ‘ಇ’ ಬೇರೆ ಕಾಣುವುದಿಲ್ಲ, ‘ಉ’ ಕೂಡ ಹಾಗೇ. ಹೆಸರು ಓದುವಾಗ ಇಬ್ಬರಿಂದ ಬೇರೆ ಬೇರೆ ಓದಿಸಿ ಹೋಲಿಸಿ ನೋಡಿ. ಮತ್ತೆ ಕಾಗದದಲ್ಲಿ ಫಸಲಿ (ಹಳೇ ಕಂದಾಯದ ವರ್ಷ) ಅಂತ ಇದ್ದರೆ 590 ಕೂಡಿಸಿ. ನಮ್ಮ ಕಡೆಯ ಫಸಲಿ ಜೂನಿನ ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಶುರುವಾಗುತ್ತದೆ, ಹಾಗಾಗಿ ಜನವರಿಯಿಂದ ಮೇ ತನಕದ ತಾರೀಖಿಗೆ 591.

ಉತ್ತರ (ಬಾಗಲಕೋಟೆಯಿಂದ):
ನಿಮ್ಮ ಗಲ್ಲಿ ಇನ್ನೂ ನಿಂತಿದೆ. ದಯವಿಟ್ಟು ಈಗಲೇ ಪ್ರತಿ ಮನೆಯ ಮುಂದೆ ನಿಂತು ಫೋಟೋ ತೆಗೆಯಿರಿ. ನಮ್ಮದು ಹಳೇ ಬಾಗಲಕೋಟೆಯ ಓಣಿ. ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಆವಾಗ ಯಾರೂ ಫೋಟೋ ತೆಗೆದಿಟ್ಟುಕೊಳ್ಳಲಿಲ್ಲ. ಈಗ ನಮ್ಮ ಮನೆ ಉಳಿದಿರುವುದು ಪರಿಹಾರದ ಕಡತದಲ್ಲಿ ಮಾತ್ರ. ಸ್ವಾಧೀನಕ್ಕೆ ಮೊದಲು ಮಾಡಿದ ಪಂಚನಾಮೆಯಲ್ಲಿ ಗೋಡೆ ಕಲ್ಲಿನದೋ ಮಣ್ಣಿನದೋ, ತೊಲೆ ಎಷ್ಟು, ಬಾಗಿಲು ಎಷ್ಟು, ಎಲ್ಲ ಎಣಿಸಿದ್ದಾರೆ. ‘ಹಗೇವು 1’ ಅಂತ ಒಂದು ಸಾಲಿದೆ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಅಪ್ಪನಿಗೆ ಓದಿ ಹೇಳಿದೆ. ಅದರೊಳಗೆ ಇಳಿದು ಜೋಳ ತುಂಬಿಕೊಡುತ್ತಿದ್ದವನು ತಾನೇ ಅಂದರು. ಆ ಸಂಜೆ ಇಡೀ ಓಣಿಯ ಮನೆಗಳನ್ನು ಬಾಯಲ್ಲೇ ಸಾಲಾಗಿ ಹೇಳಿದರು, ನಾನು ಬರೆದುಕೊಂಡೆ. ಪಂಚನಾಮೆಯ ಸಾಲಿಗೂ ಅಪ್ಪನ ಸಾಲಿಗೂ ಒಂದೇ ಒಂದು ಮನೆ ವ್ಯತ್ಯಾಸ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಜ್ಜಿಯ ಟ್ರಂಕು ತೆಗೆದೆ. ಇರಕಲ್ ಸೀರೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಮೂರು ಕಾಗದ ಇವೆ. ಎರಡಕ್ಕೆ ಸ್ಟಾಂಪು ಇದೆ. ಉದ್ದ ಗೆರೆಯ ಕೆಳಗೆ ತೂಗುಹಾಕಿದ ಅಕ್ಷರ, ಮೋಡಿಯೇ ಇರಬೇಕು. ಒಂದರ ಮೇಲೆ 1829 ಅಂತ ಅಂಕಿ ಮಾತ್ರ ಓದಲು ಬಂತು.

ಉತ್ತರ (ಶಹಾಪುರದಿಂದ):
ಶಕೆ ಇರಬೇಕು. 78 ಕೂಡಿಸಿದರೆ 1907. ಮಡಿಕೆ ಬಿಡಿಸುವಾಗ ಹುಷಾರು, ಮಡಿಚಿದಲ್ಲೇ ಹರಿಯುತ್ತವೆ. ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ. ಎರಡು ರಟ್ಟಿನ ನಡುವೆ ಇಟ್ಟುಕೊಂಡು ಭಾನುವಾರ ನಮ್ಮ ಮನೆಗೆ ಬನ್ನಿ, ಚಕ್ಕುಬಂದಿಯಿಂದಲೇ ಓದಲು ಶುರು ಮಾಡೋಣ.